ಪೂರರೇಷೆಯ ಒಳಗೊಂದು ಪ್ಲಾಟು

ಎರಡು ಭಾಷೆ ಬಲ್ಲವನಿಗೆ ಉಳಿದವರಿಗಿಂತ ಎರಡು ಪಟ್ಟು ತಿಳಿಯುತ್ತದೆ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ. ಇಚಲಕರಂಜಿಯಲ್ಲಿ ನನ್ನದು ನೂಲಿನ ಅಂಗಡಿ. ಗಿರಾಕಿಗಳೊಡನೆ ಮರಾಠಿ, ಮನೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡರ ಮಿಸಳ. ಮಳೆಗಾಲದಲ್ಲಂತೂ ದಿನಾ ಮರಾಠಿ ಪತ್ರಿಕೆಯ ಮಳೆ-ಹೊಳೆಯ ಸುದ್ದಿಯನ್ನು ಗಟ್ಟಿಯಾಗಿ ಓದಿ ಹೆಂಡತಿಗೆ ಅರ್ಥವನ್ನೂ ಹೇಳುತ್ತಿದ್ದೆ, ಅವಳು ಕೇಳದಿದ್ದರೂ.

ನಮ್ಮ ಮನೆ ಅದೇ ಊರಿನ ಶಹಾಪುರ ಭಾಗದಲ್ಲಿದೆ. ಎಡಕ್ಕೆ ಮಗ್ಗದ ಶೆಡ್ಡು, ಬಲಕ್ಕೆ ಮಗ್ಗದ ಶೆಡ್ಡು, ನಡುವೆ ನಾವಿಬ್ಬರು. ಆ ಖಟಖಟವೇ ನನಗೆ ಜೋಗುಳ. ಆದರೆ ಗಡಹಿಂಗ್ಲಜದ ಕಡೆ ಹೊಲದ ಮನೆಯಲ್ಲಿ ಬೆಳೆದ ನನ್ನ ಹೆಂಡತಿ ಕಸ್ತೂರಿಗೆ ಈಚೆಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಡಾಕ್ಟರು ಗುಳಿಗೆ ಕೊಟ್ಟರು. ಗುಳಿಗೆ ಮಗ್ಗಕ್ಕೆ ಸೋತಿತು. ಪಲ್ಯಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಅವಳು ನಿದ್ದೆಗಣ್ಣಿನಲ್ಲಿ ಸೌಟು ಹಿಡಿದು ನಿಂತುಬಿಡುತ್ತಿದ್ದಳು. ಸದ್ದಿಲ್ಲದ ಮನೆಯೊಂದನ್ನು ಮಾಡಿಕೊಡಲೇಬೇಕೆಂದು ಹಟ ಹಿಡಿದೆ.

ಅಷ್ಟರಲ್ಲಿ ಪಂಚಗಂಗೆಯ ದಂಡೆಗೆ ಹೊಸ ಬಡಾವಣೆ ಎದ್ದಿತು. ಎದುರಿಗೆ ಹೊಳೆ, ಸುತ್ತ ಕಬ್ಬು, ಮೇಲೆ ಬೆಳ್ಳಕ್ಕಿ. ಏಜೆಂಟ್ ಪ್ರಾಮಾಣಿಕ ಮನುಷ್ಯ. "ಪ್ಲಾಟ್ ಪೂರರೇಷೇತ ಆಹೆ, ಸಾಹೇಬ. ಲಪವತ ನಾಹೀ," ಎಂದ. ಮುಚ್ಚಿಡುವುದಿಲ್ಲ ಎಂದನಲ್ಲ, ಅದೇ ನನಗೆ ಹಿಡಿಸಿತು. ರೇಷೆ ಎಂದರೆ ಗೆರೆ. ಪೂರಾ ಗೆರೆಯ ಒಳಗಿದೆ! ಅಂದರೆ ಒಂದು ಅಂಗುಲವೂ ಆಚೆ ಚಾಚಿಲ್ಲದ, ತಕರಾರಿಲ್ಲದ ಜಾಗ. ದಾರಿಯಲ್ಲೇ ಪೇಢೆ ಕಟ್ಟಿಸಿಕೊಂಡು ಮನೆಗೆ ಬಂದೆ.

"ನಮ್ಮ ಪ್ಲಾಟ ಪೂರಾ ರೇಷಾದಾಗ ಐತಿ!" ಎಂದೆ.

ಕಸ್ತೂರಿ ಶಾಲೆ ಕಲಿತದ್ದು ಮರಾಠಿಯಲ್ಲಿ. ಪೇಢೆ ಹಿಡಿದ ಕೈ ಬಾಯಿಯ ಹತ್ತಿರವೇ ನಿಂತಿತು. "ಪೂರಾ ಅಂದಾನೋ, ಪೂರ ಅಂದಾನೋ? ಪೂರ ಅಂದ್ರ ಹೊಳಿ ಬರೂದ್ರಿ!"

ನಮ್ಮ ಮನೆಮಾತಿನಲ್ಲಿ ಪ್ರವಾಹ ಬರುವುದಿಲ್ಲ, 'ಹೊಳಿ' ಬರುತ್ತದೆ, ಬೀಗರು ಬಂದ ಹಾಗೆ. ಆದರೂ ಪತ್ರಿಕೆಯಲ್ಲಿ ಅದೇ ಪೂರವನ್ನು ಓದಿ ಅರ್ಥ ಹೇಳುತ್ತಿದ್ದವನು ನಾನೇ ತಾನೆ! ಆಸೆ ಹತ್ತಿದಾಗ ಕಿವಿ ತನಗೆ ಅನುಕೂಲವಾದ ಭಾಷೆಯಲ್ಲೇ ಕೇಳಿಸಿಕೊಳ್ಳುತ್ತದೆ ಎಂದು ಆವತ್ತು ತಿಳಿಯಿತು.

ಮರುದಿನ ಇಬ್ಬರೂ ಹೋದೆವು. ಏಜೆಂಟ್ ನಕಾಶೆ ಬಿಡಿಸಿ ವಿವರಿಸಿದ. ಹೊಳೆಗೆ ಹತ್ತಿರದ ನೀಲಿ ಗೆರೆ ಆಗಾಗ ಬರುವ ಪ್ರವಾಹದ್ದು, ದೂರದ ಕೆಂಪು ಗೆರೆ ಅಪರೂಪದ ದೊಡ್ಡ ಪ್ರವಾಹದ್ದು. ನೀಲಿ ಗೆರೆಯಿಂದ ಹೊಳೆಯ ಕಡೆಗೆ ಯಾರೂ ಮನೆ ಕಟ್ಟುವ ಹಾಗಿಲ್ಲ, ಅಲ್ಲಿ ಉದ್ಯಾನ. ನೀಲಿ ಗೆರೆಗೂ ಕೆಂಪು ಗೆರೆಗೂ ನಡುವೆ ಕಟ್ಟಬಹುದು, ಆದರೆ ಕಂಬಗಳ ಮೇಲೆ, ಕೆಳಗೆ ನೀರು ಹಾದುಹೋಗುವಂತೆ. ನಮ್ಮ ಪ್ಲಾಟು ಆ ನಡುವಿನದು. ಬಣ್ಣ ಹಚ್ಚಿ ಗೆರೆ ಎಳೆದದ್ದು ನನ್ನಂಥ ಕಿವಿಯವರಿಗಾಗಿಯೇ ಇರಬೇಕು.

"ಹೊಳಿ ಬಂದಾಗ ನಾವು ಮ್ಯಾಲ ಇರತೇವಿ, ಖರೆ. ಹಾಲಿನಾಂವ ಹೆಂಗ ಬರತಾನ?" ಎಂದಳು ಕಸ್ತೂರಿ. ಏಜೆಂಟನ ನಕಾಶೆಯಲ್ಲಿ ಹಾಲಿನವನಿಗೆ ಗೆರೆ ಇರಲಿಲ್ಲ. ಅವಳು ದಂಡೆಯವರೆಗೂ ನಡೆದುಹೋಗಿ ನೀರು ನೋಡಿ ಬಂದಳು. "ಜಾಗಾ ಭಾಳ ಚಂದ ಐತ್ರಿ. ಆದ್ರ ಮಳಿ ಹತ್ತಿದ ಕೂಡ್ಲೆ ನಾ ಖಿಡಕ್ಯಾಗ ಕುಂತು ನೀರು ಕಾಯ್ಕೋತ ಇರತೀನಿ. ಅದಕ್ಕಿಂತ ಮಗ್ಗದ ಸಪ್ಪಳನ ಪಾಡ."

ಬಿಟ್ಟುಬಂದೆವು. ನನಗೆ ನಿಯಮದ ಮೇಲೆ ಸಿಟ್ಟು ಬಂದಿತ್ತು. ಆರಿದ ಮೇಲೆ ಯೋಚಿಸಿದೆ: ಹೊಳೆಗೆ ಬರಬೇಡ ಎನ್ನುವಷ್ಟು ಜೋರು ಯಾರಿಗೂ ಇಲ್ಲ. ಅದು ಬಂದಾಗ ಕೂರಲು ಇಷ್ಟು ಜಾಗ ಬಿಡಿ ಎಂದು ನಮಗೆ ಹೇಳಬಹುದು, ಅಷ್ಟೇ. ಹಿಂದಿನ ಕೋಣೆಯಲ್ಲಿ ಸದ್ದು ತಡೆಯಲೆಂದು ನೂಲಿನ ಚೀಲಗಳನ್ನು ಗೋಡೆಗೆ ಒಟ್ಟಿ ಕಸ್ತೂರಿಗೆ ಹಾಸಿಗೆ ಹಾಕಿಕೊಟ್ಟೆ. ಸ್ವಲ್ಪ ಸ್ವಲ್ಪ ನಿದ್ದೆ ಹತ್ತುತ್ತಿದೆ. ಆ ಪ್ಲಾಟನ್ನು ನನ್ನ ಪಕ್ಕದ ಅಂಗಡಿಯ ಚೌಗುಲೆ ತೆಗೆದುಕೊಂಡು, ಕಂಬದ ಮೇಲೆ ಮನೆ ಕಟ್ಟಿಸಿದ.

ಈ ಸಲ ಮಳೆ ಹಿಡಿದಾಗ ದಿನಾ ಸಂಜೆ ಸೇತುವೆಯ ಕಡೆ ಹೋದೆ. ನೀರು ನೋಡಲು ಎಂದು ಮನೆಯಲ್ಲಿ ಹೇಳಿದ್ದೆ. ನಿಜವೆಂದರೆ, ನಾವು ಮಾಡಿದ್ದೇ ಸರಿ ಎಂದು ಹೊಳೆಯೇ ಒಮ್ಮೆ ಬಂದು ಹೇಳಲಿ ಎಂಬ ಆಸೆ. ಹೊಳೆ ಉದ್ಯಾನವನ್ನೆಲ್ಲ ಮುಳುಗಿಸಿ, ನೀಲಿ ಗೆರೆಯ ಹತ್ತಿರ ಬಂದು, ಶಾಣ್ಯಾ ಹುಡುಗನಂತೆ ನಿಂತುಬಿಟ್ಟಿತು. ಮೇಲೆ ಗ್ಯಾಲರಿಯಲ್ಲಿ ಚಹಾ ಕುಡಿಯುತ್ತಿದ್ದ ಚೌಗುಲೆ ನನ್ನನ್ನು ಕಂಡು ಕೈಬೀಸಿದ.

ಮುಖ ಇಳಿಬಿಟ್ಟುಕೊಂಡು ಮನೆಗೆ ಬಂದೆ. "ಚೌಗುಲ್ಯಾರ ಮನಿಗೆ ನೀರ ಬಂತೇನ್ರಿ?" ಎಂದು ಕಸ್ತೂರಿ ಕೇಳಿದಳು.

"ಇಲ್ಲ, ಈ ಸಲನೂ ಬರಲಿಲ್ಲ," ಎಂದೆ.

ಅವಳು ನನ್ನ ಮುಖವನ್ನೇ ನೋಡಿ, "ಪಾಪ," ಎಂದಳು.

ಕನ್ನಡದಲ್ಲಾದರೆ ಅದು ಮರುಕ. ಮರಾಠಿಯಲ್ಲಿ ಆ ಮಾತಿಗೆ ನರಕಕ್ಕೆ ಹೋಗುವ ಪಾಪವೊಂದೇ ಅರ್ಥ. ನಾನು ಕನ್ನಡದಲ್ಲೇ ಕೇಳಿಸಿಕೊಂಡೆ.