ಮೂರು ಗಾಡಿ ಹಕ್ಕಿ

ಕೊಳ್ಳೇಗಾಲದಿಂದ ಯಳಂದೂರಿನವರೆಗೆ ನಮ್ಮ ಸೋದರಮಾವನಿಗೆ ಗೊತ್ತಿಲ್ಲದ ಕಳ್ಳ ಒಬ್ಬನೂ ಇರಲಿಲ್ಲ ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು, ಏಕೆಂದರೆ ಹಾಗೆಂದು ಹೇಳುತ್ತಿದ್ದವರು ಸ್ವತಃ ಅವರೇ! ಕೊಳ್ಳೇಗಾಲದಲ್ಲಿ ನಶ್ಯದ ಅಂಗಡಿ ಇಟ್ಟುಕೊಂಡಿದ್ದ ಈ ಮಹಾನುಭಾವರು ವ್ಯಾಪಾರವನ್ನು ಅತ್ತೆಯ ತಲೆಗೆ ಕಟ್ಟಿ, ತಾವು ಪೊಲೀಸ್ ಇಲಾಖೆಯ ಕೆಲಸ ನೋಡಿಕೊಳ್ಳುತ್ತಿದ್ದರು. ಇಲಾಖೆಯವರು ನೇಮಿಸಿದ್ದರೇ? ಛೆ, ಛೆ! ಇಲಾಖೆಗೆ ಈ ಸಂಗತಿಯೇ ತಿಳಿದಿರಲಿಲ್ಲ.

ಆಗ ಕೊಳ್ಳೇಗಾಲ ಮದರಾಸಿನ ಆಡಳಿತಕ್ಕೆ ಸೇರಿತ್ತು, ಯಳಂದೂರು ಮೈಸೂರಿನದು. ನಡುವೆ ಇದ್ದದ್ದು ಒಂದು ಸರಹದ್ದಿನ ಕಲ್ಲು. ದಾರಿಯಲ್ಲಿ ಬಡಿದು ದೋಚುವವರಿಗೆ ಆ ಕಲ್ಲೇ ಕುಲದೇವರು. ಈ ಕಡೆ ಗಾಡಿ ತಡೆದು, ಹೊಡೆದು, ಮೂಟೆ ಇಳಿಸಿಕೊಂಡು, ಆ ಕಡೆ ದಾಟಿ ಕಲ್ಲಿಗೇ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಮ್ಮ ಕಡೆಯ ಇನ್ಸ್‌ಪೆಕ್ಟರ್ ಸಾಹೇಬರಿಗೆ ತಮಿಳು ಬಿಟ್ಟರೆ ಬೇರೆ ಬಾರದು, ಆ ಕಡೆಯವರಿಗೆ ತಮಿಳು ಬಾರದು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಬೇಕಾದರೆ ಕೊಯಮತ್ತೂರು, ಮದರಾಸು, ಬೆಂಗಳೂರು, ಮೈಸೂರು ಎಲ್ಲ ಸುತ್ತಿಕೊಂಡು ಬರಬೇಕು. ಅಷ್ಟರಲ್ಲಿ ಪೆಟ್ಟು ತಿಂದವನ ಗಾಯ ಮಾಯ್ದು ಹೊಸ ಚರ್ಮ ಬಂದಿರುತ್ತಿತ್ತು!

ಮಾವನ ಸಂಕಟವೇ ಇದು. ಆ ದಾರಿಯ ಗಾಡಿಯವರೆಲ್ಲ ಅವರ ಗಿರಾಕಿಗಳು, ಗೆಳೆಯರು. "ಮನೆ ಬುಟ್ಟು ಒಂಟೋರು ಮನೇಗ್ ಬರ್ಬೇಕು ಕಣ್ಲಾ. ನಂಗೆ ಇನ್ನೇನೂ ಬ್ಯಾಡ" ಎನ್ನುತ್ತಿದ್ದರು. ಇನ್ನು ದರೋಡೆಯವರ ಸುದ್ದಿ ಇವರಿಗೆ ಹೇಗೆ ಸಿಗುತ್ತಿತ್ತು ಎನ್ನುತ್ತೀರಾ? ಅವರಿಗೂ ಮೂಗು ಇರುತ್ತದಲ್ಲ, ಸ್ವಾಮಿ! ನಶ್ಯಕ್ಕೆ ಬಂದವರು ನಾಲ್ಕು ಮಾತು ಉದುರಿಸಿಯೇ ಹೋಗುತ್ತಿದ್ದರು.

ವಿಚಾರಣೆಗೆ ಮಾವ ಒಂದು ಸ್ವಂತ ಪದ್ಧತಿಯನ್ನೂ ಕಂಡುಹಿಡಿದಿದ್ದರು. ನಶ್ಯ ಏರಿಸಿದ ಮನುಷ್ಯ, ಸೀನು ಬರುವ ಮುಂಚಿನ ಗಳಿಗೆಯಲ್ಲಿ ಸುಳ್ಳು ಹೇಳಲಾರನಂತೆ! ಹಾಗಾಗಿ ಗುರುತಿಲ್ಲದ ಮುಖ ಕಂಡರೆ ಕರೆದು ಒಂದು ಚಿಟಿಕೆ ಬಿಟ್ಟಿ ಕೊಡುವುದು, ಮೂಗು ಮೇಲೆದ್ದ ಕೂಡಲೇ "ಯಾವೂರು?" ಎನ್ನುವುದು. ಒಮ್ಮೆ ದಪ್ಪ ಮೀಸೆಯ ಹೊಸಬನೊಬ್ಬ ಸಿಕ್ಕಿದ. ಚಿಟಿಕೆ ಏರಿತು. ಅವನು "ಅ... ಅ... ಅನೂ..." ಎಂದು ಬಾಯಿ ತೆರೆದ.

"ಅನೂರು! ಬಾಯ್ ಬುಟ್ಟ ನೋಡ್ಲಾ!" ಎಂದು ಮಾವ ಗುಡುಗಿದರು. ಹನೂರಿನ ಕಡೆ ಆ ವಾರವಷ್ಟೇ ದರೋಡೆಯಾಗಿತ್ತು. ಮಾವ ಆ ಮನುಷ್ಯನ ರಟ್ಟೆ ಹಿಡಿದು ದರದರ ಠಾಣೆಗೆ ಎಳೆದುಕೊಂಡು ಹೋದರೆ, ಅಲ್ಲಿದ್ದ ಪೇದೆಗಳೆಲ್ಲ ಧಡಕ್ಕನೆ ಎದ್ದು ಸಲಾಮು ಹೊಡೆದರು. ಮಾವ ಅದು ತಮಗೇ ಎಂದುಕೊಂಡು ತಲೆಯಾಡಿಸಿದರಂತೆ! ಪಾಪ, ಕೊಳ್ಳೇಗಾಲಕ್ಕೆ ವರ್ಗವಾಗಿ ಬಂದಿದ್ದ ಹೊಸ ಇನ್ಸ್‌ಪೆಕ್ಟರ್ ಸಾಹೇಬರು ಇನ್ನೂ ಸೀನುತ್ತಲೇ ಇದ್ದರು.

ಅಂದಿನಿಂದ ಕೊಳ್ಳೇಗಾಲದ ಠಾಣೆಯ ಬಾಗಿಲು ಮಾವನಿಗೆ ಮುಚ್ಚಿತು. ಅವರು ಬಿಡುವ ಆಸಾಮಿಯೇ? ಯಳಂದೂರಿನ ಠಾಣೆಗೆ ಬಸ್ಸಿನ ಡ್ರೈವರ್ ಕೈಯಲ್ಲಿ ಕಾಗದ ಕಳಿಸಲು ಶುರುಮಾಡಿದರು. ಕೆಳಗೆ ಹೆಸರಿಲ್ಲ, 'ಹಿತೈಷಿ' ಎಂದಷ್ಟೇ ರುಜು. ಪರಮ ರಹಸ್ಯ! ಆದರೆ ಕಾಗದ ಬಿಚ್ಚಿದವರೆಲ್ಲ ಸೀನುತ್ತಿದ್ದರು.

ನಮ್ಮ ಕಡೆಯವರ ನಾಲಗೆಯ ಮೇಲೆ 'ಹ' ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ. ಮಾವನಿಗೂ ಇದು ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆಯಾಯಿತು! ಕಚೇರಿಗೆ ಬರೆಯುವ ಕಾಗದ ಮರ್ಯಾದೆಯಾಗಿರಲಿ ಎಂದು, ಎಲ್ಲೆಲ್ಲಿ 'ಅ' ಕಂಡಿತೋ ಅಲ್ಲೆಲ್ಲ 'ಹ' ಬರೆದುಬಿಡುತ್ತಿದ್ದರು. ಅಂಗಡಿ ಹಂಗಡಿಯಾಯಿತು, ಆನೆ ಹಾನೆಯಾಯಿತು. ಶಾಲೆಯಲ್ಲಿ ಕನ್ನಡದ ಮೇಷ್ಟರಾಗಿದ್ದ ನಾನು ಅದನ್ನು ಕಂಡಾಗಲೆಲ್ಲ ಕೈ ಚಾಚುತ್ತಿದ್ದೆ.

"ಕೊಡಿ ಮಾವ, ನಾನು ಬರ್ದುಕೊಡ್ತೀನಿ."

"ನಿನ್ ಕೆಲ್ಸ ನೋಡ್ಕೋ ಓಗ್ಲಾ! ನಂಗೇನ್ ಅಕ್ಸರ ಬರಲ್ವಾ?"

ಅದು ಕಂಟ್ರೋಲಿನ ಕಾಲ, ಸರಕಾರದ ಪರ್ಮಿಟ್ ಇಲ್ಲದೆ ಅಕ್ಕಿ ಸರಹದ್ದು ದಾಟುವಂತಿರಲಿಲ್ಲ. ಯಳಂದೂರಿನಿಂದ ಪರ್ಮಿಟ್ ಅಕ್ಕಿ ತುಂಬಿದ ಮೂರು ಗಾಡಿ ಕೊಳ್ಳೇಗಾಲಕ್ಕೆ ಬರುವುದಿತ್ತು. ಮುಂದಿನ ಗಾಡಿ ಮಾದಯ್ಯನದು. ಮಾದಯ್ಯ ಎಂದರೆ ಮಾವನ ಜೀವದ ಗೆಳೆಯ, ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದವನು. ಸರಹದ್ದಿನ ಕಲ್ಲಿನ ಹತ್ತಿರ ಆರು ಜನ ದೊಣ್ಣೆ ಹಿಡಿದು ಹೊಂಚು ಹಾಕುತ್ತಾರೆಂಬ ಸುದ್ದಿ ಹಿಂದಿನ ದಿನವೇ ಮಾವನ ಕಿವಿಗೆ ಬಿತ್ತು. ತಕ್ಷಣ ಕಾಗದ ಹೋಯಿತು: "ನಾಳೆ ಬೆಳಿಗ್ಗೆ ಮೂರು ಗಾಡಿ ಹಕ್ಕಿ ಬರುತ್ತವೆ. ಕಲ್ಲಿನ ಬಳಿ ಹಾರು ಜನ ಇರುತ್ತಾರೆ. ದಯಮಾಡಿ ಹಿಡಿಯಿರಿ."

ಅಲ್ಲಿನ ಸಾಹೇಬರು ಓದಿದರು, ಸೀನಿದರು, ಮತ್ತೆ ಓದಿದರು. ಹಕ್ಕಿ! ಹಾರು! ಹಿಡಿಯಿರಿ! ಇದು ನಮ್ಮ ಕೆಲಸವಲ್ಲ ಎಂದು ಕಾಗದವನ್ನು ಅರಣ್ಯ ಇಲಾಖೆಗೆ ದಾಟಿಸಿಬಿಟ್ಟರು.

ಮಾರನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಫಾರೆಸ್ಟ್ ಗಾರ್ಡ್ ಒಬ್ಬ ಹೆಗಲ ಮೇಲೆ ಬಲೆ ಹೊತ್ತು, ಬೆವರು ಸುರಿಸುತ್ತ, ಕಾಗದದಲ್ಲಿದ್ದ ನಶ್ಯದ ಜಾಡು ಹಿಡಿದು ಅಂಗಡಿಗೆ ಬಂದ. ನಾನೂ ಅಲ್ಲೇ ಇದ್ದೆ.

"ಬೆಳಗಿಂದ ಕೆರೆ ಸುತ್ತ ಮೂರ್ ಗಾಡಿ ಅಕ್ಕಿ ಉಡುಕ್ತಾ ಇವ್ನಿ ಸಾ. ಒಂದ್ ಗುಬ್ಬಚ್ಚೀನೂ ಸಿಕ್ನಿಲ್ಲ!"

"ಅಕ್ಕಿಗೂ ಗುಬ್ಬಚ್ಚಿಗೂ ಏನ್ಲಾ ಸಂಬಂಧ?" ಎಂದರು ಮಾವ.

"ತಿನ್ನೋ ಅಕ್ಕಿ ಅಲ್ಲ ಸಾ, ಆರೋ ಅಕ್ಕಿ!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮಾವ ನಗಲಿಲ್ಲ. ಅವರ ಕೈಯಲ್ಲಿದ್ದ ನಶ್ಯ ನೆಲಕ್ಕೆ ಬಿತ್ತು. ಅಷ್ಟರಲ್ಲಿ ಯಳಂದೂರಿನ ಬಸ್ಸು ಬಂತು, ಜೊತೆಗೆ ಸುದ್ದಿಯೂ ಬಂತು. ದರೋಡೆಯವರು ಮಾದಯ್ಯನ ತಲೆ ಒಡೆದಿದ್ದರು. ಆಸ್ಪತ್ರೆಗೆ ಸೇರಿಸಿದ್ದಾರೆ, ಉಳಿಯುತ್ತಾನೋ ಇಲ್ಲವೋ ಹೇಳಲಾಗದು ಎಂದರು ಬಸ್ಸಿನವರು.

ಮಾದಯ್ಯ ಉಳಿದ, ಆದರೆ ಎರಡು ತಿಂಗಳು ಮೇಲೇಳಲಿಲ್ಲ. ಮಾವ ಅವನ ಮಂಚದ ಪಕ್ಕ ಕೂತು, ಆದದ್ದನ್ನೆಲ್ಲ ಒಂದಕ್ಷರ ಮುಚ್ಚಿಡದೆ ಒಪ್ಪಿಸಿ ಬಂದರು. ನನಗೋ ತಡೆಯಲಾಗದ ಸಿಟ್ಟು. ಒಂದು ದಿನ ರೇಗಿಯೇಬಿಟ್ಟೆ: "ನಾನು ಬರ್ದುಕೊಡ್ತೀನಿ ಅಂತ ಬಡ್ಕೊಂಡೆ. ನಿಮ್ಮ ಜಂಬ ದೊಡ್ಡದಾಯ್ತು, ಅಲ್ವಾ?"

ಮಾವ ನಶ್ಯದ ಡಬ್ಬಿ ಮುಚ್ಚಿಟ್ಟರು.

"ಜಂಬ ಅಲ್ಲ ಕಣ್ಲಾ. ಆ ಕಾಗ್ದ ಯಾವತ್ತಾದ್ರೂ ಆ ಸೂಳೇಮಕ್ಕಳ ಕೈಗೆ ಸಿಕ್ರೆ? ನನ್ ಅಕ್ಸರ ಆದ್ರೆ ನನ್ ಅಂಗ್ಡಿಗ್ ಬತ್ತಾರೆ. ಬರ್ಲಿ, ನಾನ್ ಮುದ್ಕ. ನಿನ್ ಅಕ್ಸರ ಆದ್ರೆ ನಿನ್ ಬಾಗ್ಲಿಗ್ ಬತ್ತಾರೆ. ನಿನ್ ಮನೇಲಿ ಮೂರು ಮಕ್ಳವೆ ಕಣಪ್ಪಾ."

ಇಷ್ಟು ವರ್ಷ ಈ ಮನುಷ್ಯನ ಕಾಗದಗಳನ್ನು ಶಾಲೆಯಲ್ಲಿ ಸಹೋದ್ಯೋಗಿಗಳಿಗೆ ಹೇಳಿ ನಗಿಸುತ್ತಿದ್ದೆನಲ್ಲ ಎಂದು ನನಗೆ ನಾನೇ ಕಪಾಳಕ್ಕೆ ಹೊಡೆದುಕೊಳ್ಳುವಂತಾಯಿತು. ಮರುದಿನ ಸ್ಲೇಟು ತಂದೆ. ಅರವತ್ತರ ಹತ್ತಿರದ ಮಾವ ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು 'ಅಕ್ಕಿ' ಬರೆದರು, ಅಳಿಸಿದರು, ಮತ್ತೆ ಬರೆದರು. ತಪ್ಪಿದಾಗಲೆಲ್ಲ ತಮ್ಮ ಕೈಗೆ ತಾವೇ ಹೊಡೆದುಕೊಂಡರು.

ಮಾದಯ್ಯ ಮತ್ತೆ ಗಾಡಿ ಕಟ್ಟಿದ ವಾರವೇ ಅದೇ ಗುಂಪಿನ ಸುದ್ದಿ ಬಂತು. ಮಾವ ತಾವೇ ಕಾಗದ ಬರೆದರು. ಒಂದೇ ಒಂದು ತಪ್ಪಿರಲಿಲ್ಲ. ಆ ಬೆಳಿಗ್ಗೆ ಯಳಂದೂರಿನ ಸಾಹೇಬರು ಎಂಟು ಜನ ಪೇದೆಗಳೊಂದಿಗೆ ಕಲ್ಲಿನ ಬಳಿ ಕಾದಿದ್ದರು. ಆರಕ್ಕೆ ಆರೂ ಜನ ಸಿಕ್ಕಿಬಿದ್ದರು.

ಇದು ನಮಗೆ ಆಮೇಲೆ ತಿಳಿದದ್ದು. ಅಂದು ಮಾವ ಮಾತ್ರ ಬೆಳಗಿನಿಂದ ಒಂದು ತೊಟ್ಟು ನೀರೂ ಮುಟ್ಟದೆ ಊರ ಮುಂದಿನ ರಸ್ತೆಯಲ್ಲಿ ನಿಂತಿದ್ದರು. ಬಿಸಿಲೇರಿದ ಮೇಲೆ ಗಾಡಿಗಳು ಕಂಡವು. ಮುಂದಿನದರಲ್ಲಿ ಮಾದಯ್ಯ. ಅವನು ನೊಗ ಇಳಿಸುವಷ್ಟರಲ್ಲಿ ಮಾವ ಹೋಗಿ ಅವನ ರುಮಾಲು ಸರಿಸಿ, ತಲೆಯ ಗಾಯದ ಕಲೆಯ ಮೇಲೆ ಕೈಯಿಟ್ಟರು. ನಡುರಸ್ತೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತರು.

ಮಾದಯ್ಯ ಅವರ ಕೈಯನ್ನು ತನ್ನ ತಲೆಯ ಮೇಲೇ ಒತ್ತಿ ಹಿಡಿದುಕೊಂಡ.

"ಬುಡು ಅಣ್ಣ," ಎಂದ. "ಬಂದ್ನಲ್ಲ."