ಪಕ್ಷಪಾತವಿಲ್ಲದ ಚಕ್ರ

ಇತಿಹಾಸದ ಮೇಷ್ಟ್ರಿಗೆ ಚಕ್ರ ತಿರುಗಿಸುವುದನ್ನು ಕಲಿಸಿದ್ದು ಅವರ ಹತ್ತು ವರ್ಷದ ಮಗಳು. ಭಾನುವಾರ ಸಂಜೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, "ಇಲ್ಲಿ ಹೆಸರು ಬರಿ ಅಪ್ಪ. ಒಂದು ಸಾಲಿಗೆ ಒಂದೇ. ಈಗ ಚಕ್ರದ ಮೇಲೆ ಒತ್ತು" ಎಂದಳು. ಮೇಷ್ಟ್ರು ಒತ್ತಿದರು. ಪರದೆಯ ಮೇಲೆ ಬಣ್ಣದ ಹೋಳುಗಳ ಚಕ್ರವೊಂದು ಟಕಟಕ ಸದ್ದು ಮಾಡುತ್ತ ಗಿರಗಿರನೆ ತಿರುಗಿತು, ನಿಧಾನಿಸಿತು, ಇನ್ನೇನು 'ಅಮ್ಮ' ಎಂಬ ಹೋಳಿನಲ್ಲಿ ನಿಂತೇಬಿಟ್ಟಿತು ಅನ್ನುವಾಗ ಕೂದಲೆಳೆಯಷ್ಟು ಜಾರಿ 'ಅಪ್ಪ'ನ ಮೇಲೆ ನಿಂತಿತು. ಒಳಗಿನಿಂದ ಚಪ್ಪಾಳೆ ಕೇಳಿಸಿತು, ಬಣ್ಣದ ಚೂರುಗಳು ಉದುರಿದವು. 'ಈ ಹೆಸರನ್ನು ತೆಗೆಯಬೇಕೇ?' ಎಂದು ಪರದೆ ವಿನಯದಿಂದ ಕೇಳಿತು.

"ಪಾತ್ರೆ ನಿಂದು" ಎಂದಳು ಮಗಳು.

ಪಾತ್ರೆ ಉಜ್ಜುತ್ತಲೇ ಮೇಷ್ಟ್ರಿಗೆ ಮೈ ಜುಮ್ಮೆಂದಿತು. ಅವರ ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಸಾಕು, ಮಕ್ಕಳೆಲ್ಲ ಒಟ್ಟಿಗೇ ತಲೆಯೆತ್ತಿ ಫ್ಯಾನಿನ ಅಧ್ಯಯನಕ್ಕೆ ತೊಡಗುತ್ತಿದ್ದರು. ಯಾರನ್ನಾದರೂ ಎಬ್ಬಿಸಿದರೆ "ಯಾವಾಗ್ಲೂ ನನ್ನೇ ಕೇಳ್ತೀರಿ ಸರ್" ಎಂಬ ದೂರು. ಇನ್ನು ಕೇಳುವುದು ಮೇಷ್ಟ್ರಲ್ಲ, ಚಕ್ರ. ಚಕ್ರದ ಮೇಲೆ ಯಾರು ಮುನಿಸಿಕೊಳ್ಳಲು ಸಾಧ್ಯ?

"ನಿನ್ನ ಫೀಸೆಷ್ಟು ಟೀಚರಮ್ಮ?" ಎಂದು ಸೋಪಿನ ಕೈಯಲ್ಲೇ ಕೇಳಿದರು.

"ಶನಿವಾರ ನನ್ನ ಈಜಿನ ಪಂದ್ಯ. ನೀನು ಬರಬೇಕು. ಹೋದ ಸಲ ಪರೀಕ್ಷೆ ಡ್ಯೂಟಿ ಅಂದೆ. ಅದಕ್ಕೂ ಮುಂಚೆ ಮೀಟಿಂಗ್ ಅಂದೆ. ಈ ಸಲ ಬರದಿದ್ರೆ ನಾನು ಕೊಳದಿಂದ ಮೇಲೇ ಬರಲ್ಲ."

"ಬರ್ತೀನಿ ಕಣೆ. ಆಣೆ."

ಸೋಮವಾರ ಬೆಳಿಗ್ಗೆ ಏಳನೇ ತರಗತಿಯ ಗೋಡೆಯ ಮೇಲೆ ಚಕ್ರ ಮೊದಲ ಸಲ ತಿರುಗಿದಾಗ ಫ್ಯಾನನ್ನು ನೋಡುವವರೇ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ವರ್ಷವಿಡೀ ಕುರಿಮರಿಯಂತೆ ತೂಕಡಿಸುತ್ತಿದ್ದವನು ಎದ್ದು ನಿಂತು, "ನಂದು ಬರ್ಲಿ, ನಂದು ಬರ್ಲಿ" ಎಂದು ಜಪಿಸಿದ. ಅವನದೇ ಬಂತು. ಉತ್ತರ ಅವನಿಗೆ ಗೊತ್ತಿರಲಿಲ್ಲ, ಆದರೂ ಪದಕ ಗೆದ್ದವನಂತೆ ಎರಡೂ ಕೈಯೆತ್ತಿ ಎಲ್ಲರಿಗೂ ನಮಸ್ಕರಿಸಿದ. ಗದ್ದಲ ಕೇಳಿ ಬೈಯಲೆಂದೇ ಬಾಗಿಲು ತಳ್ಳಿದ ಮುಖ್ಯೋಪಾಧ್ಯಾಯಿನಿ, ಶಾಲೆಯವರೆಲ್ಲರ ಬಾಯಲ್ಲಿ ದೊಡ್ಡ ಮೇಡಂ, ಬೈಗುಳ ಮರೆತು ಅಲ್ಲೇ ನಿಂತರು.

"ಇದರಲ್ಲಿ ಮೋಸ ಮಾಡೋಕಾಗಲ್ವಾ ಮೇಷ್ಟ್ರೇ?"

"ಎಲ್ಲಿಂದ ಮೇಡಂ? ಯಂತ್ರಕ್ಕೆ ಅಕ್ಕ, ಭಾವ ಅಂತ ಯಾರಿರ್ತಾರೆ?"

ಈ ಮಾತು ಆಡದೇ ಇದ್ದಿದ್ದರೆ ಅವರ ಶನಿವಾರ ಉಳಿಯುತ್ತಿತ್ತು.

ದೊಡ್ಡ ಮೇಡಂ ಕಣ್ಣು ಹೊಳೆಯಿತು. ಶನಿವಾರ ಏಳನೇ ತರಗತಿಯನ್ನು ಬಸ್ಸಿನಲ್ಲಿ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಬೇಕಿತ್ತು. ಒಂದು ವಾರದಿಂದ ಅವರು ಶಿಕ್ಷಕರನ್ನು ಕೇಳುತ್ತಿದ್ದರು, ಒಂದು ವಾರದಿಂದ ಶಿಕ್ಷಕರ ಕೊಠಡಿಯಲ್ಲಿ ಸೊಂಟನೋವು ಸಾಂಕ್ರಾಮಿಕವಾಗಿ ಹರಡಿತ್ತು. ಬಸ್ಸಿನ ವಾಂತಿ, ಕಾಣೆಯಾಗುವ ನೀರಿನ ಬಾಟಲಿಗಳನ್ನು ಬಿಡಿ. ಹೋದ ವರ್ಷ ಕರೆದುಕೊಂಡು ಹೋಗಿದ್ದ ಪಿಟಿ ಮೇಷ್ಟ್ರು ಲೆಕ್ಕಕ್ಕಿಂತ ಒಂದು ಮಗು ಹೆಚ್ಚಿಗೆ ತಂದಿದ್ದರು. ಅದು ಬೇರೆ ಶಾಲೆಯದು.

"ಇವತ್ತು ಕೊನೇ ಪೀರಿಯಡ್‌ನಲ್ಲಿ, ದೊಡ್ಡ ಹಾಲ್‌ನಲ್ಲಿ, ಇಡೀ ಶಾಲೆ ಮುಂದೆ ಚಕ್ರ ತಿರುಗ್ಲಿ" ಎಂದರು ದೊಡ್ಡ ಮೇಡಂ. "ಎಲ್ಲಾ ಟೀಚರ್ ಹೆಸರೂ ಹಾಕಿ. ನನ್ನದೂ ಹಾಕಿ. ನಿಯಮ ಅಂದ್ಮೇಲೆ ಎಲ್ಲರಿಗೂ ಒಂದೇ."

ಮಕ್ಕಳು ಡೆಸ್ಕು ಬಡಿದು ಸಂಭ್ರಮಿಸಿದರು.

ಶಿಕ್ಷಕರ ಕೊಠಡಿಯ ಮೂಲೆಯಲ್ಲಿ ಕೂತು ಮೇಷ್ಟ್ರು ಒಬ್ಬೊಬ್ಬರ ಹೆಸರಿಗೂ ಅವರವರ ವಿಷಯ ಹಾಕುತ್ತ ಹೋದರು: ಗಣಿತ, ವಿಜ್ಞಾನ, ಸಂಗೀತ, ಪಿಟಿ, ದೊಡ್ಡ ಮೇಡಂ. ಕೊನೆಗೆ ಇತಿಹಾಸ. ಇತಿಹಾಸ ಎಂದು ಬರೆದ ಕೂಡಲೇ ಕೊಳದೊಳಗೆ ಕತ್ತಿನ ಮಟ್ಟ ಮುಳುಗಿ, ಮೇಲೆ ಬರಲೊಲ್ಲದೆ ತಮ್ಮನ್ನೇ ದಿಟ್ಟಿಸುವ ಎರಡು ಕಣ್ಣು ಕಾಣಿಸಿತು. ಸುತ್ತ ನೋಡಿದರು. ಬೆರಳು ತಾನಾಗಿಯೇ ಹೋಗಿ ಅಳಿಸುವ ಗುಂಡಿಯ ಮೇಲೆ ಕೂತಿತು. ಇತಿಹಾಸ ಅಳಿದುಹೋಯಿತು.

"ಒಂದು ಕಮ್ಮಿ ಆಯ್ತಲ್ಲ ಸರ್."

ಹಿಂದೆ ಗಣಿತದ ಮೇಡಂ ಚಹಾ ಲೋಟ ಹಿಡಿದು ನಿಂತಿದ್ದರು. ಮೇಷ್ಟ್ರು ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿದರು.

"ಹೆದರ್ಬೇಡಿ, ನಾನು ಯಾರಿಗೂ ಹೇಳಲ್ಲ" ಎಂದು ಅವರು ಕುರ್ಚಿ ಎಳೆದುಕೊಂಡರು. "ನಿಮ್ಮದು ಹೋದ್ರೆ ನನಗೆ ಬರೋ ಸಾಧ್ಯತೆ ಜಾಸ್ತಿ ಆಗುತ್ತೆ. ಅದು ಅನ್ಯಾಯ. ಅದಕ್ಕೇ ನಂದೂ ತೆಗೀರಿ, ಸಮ ಆಗುತ್ತೆ."

ಲೆಕ್ಕ ಸರಿಯಿಲ್ಲವೆಂದು ಇತಿಹಾಸದವರಿಗೂ ಗೊತ್ತಾಯಿತು. ಆದರೆ ತೆಗೆದರು.

ಗಣಿತದ ಮೇಡಂ ಮಾತಿಗೆ ತಪ್ಪಲಿಲ್ಲ, ಯಾರಿಗೂ ಹೇಳಲಿಲ್ಲ. ಸಂಗೀತದ ಟೀಚರಿಗೆ ಮಾತ್ರ ಹೇಳಿದರು, ಅದೂ ಆಣೆ ಹಾಕಿಸಿಕೊಂಡು. ಮುಂದಿನ ಬಿಡುವಿನಲ್ಲಿ ಸಂಗೀತದ ಟೀಚರ್ ಮೆಟ್ಟಿಲ ಬಳಿ ಮೇಷ್ಟ್ರನ್ನು ತಡೆದರು. "ಬಸ್ಸಲ್ಲಿ ಕೂಗಿ ಕೂಗಿ ನನ್ನ ಗಂಟಲು ಹೋದ್ರೆ ಪ್ರಾರ್ಥನೆ ಯಾರು ಹಾಡ್ತಾರೆ, ನೀವಾ?" ಮೇಷ್ಟ್ರು ತಮ್ಮ ಪ್ರಾರ್ಥನೆಯನ್ನು ಕಲ್ಪಿಸಿಕೊಂಡು ಬೆಚ್ಚಿಬಿದ್ದು, ಅಲ್ಲೇ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ತೆರೆದರು.

ಪಿಟಿ ಮೇಷ್ಟ್ರು ಮಾತಿನ ಮನುಷ್ಯರಲ್ಲ. ಹೆಗಲ ಮೇಲೆ ಕೈ ಹಾಕಿ, ಇತಿಹಾಸದವರನ್ನು ಬಲೂನಿನ ಹಾಗೆ ಅಪ್ಪಿಕೊಂಡು, "ಗುರುವೇ, ಹೋದ ವರ್ಷದ ಆ ಮಗೂನ ಅಪ್ಪ ಅಮ್ಮ ಇನ್ನೂ ನನ್ನ ಹುಡುಕ್ತಿದ್ದಾರೆ" ಎಂದಷ್ಟೇ ಹೇಳಿದರು. ಪಕ್ಕೆಲುಬು ಉಳಿಸಿಕೊಳ್ಳಲು ಮೇಷ್ಟ್ರು ಪಿಟಿಯನ್ನೂ ಅಳಿಸಿದರು.

ಹೀಗೇ ಮಧ್ಯಾಹ್ನದವರೆಗೆ ನಡೆಯಿತು. ಕೈ ತೊಳೆಯುವ ನಲ್ಲಿಯ ಬಳಿ ಒಬ್ಬರು, ಸೈಕಲ್ ನಿಲ್ಲಿಸುವಲ್ಲಿ ಇನ್ನೊಬ್ಬರು, ಶೌಚಾಲಯದ ಬಾಗಿಲಾಚೆಯಿಂದ ವಿಜ್ಞಾನದವರು. ಎಲ್ಲರ ಮಾತಿನ ಕೊನೆಯೂ ಒಂದೇ: "ನಂದೊಂದೇ ತೆಗೀರಿ ಸರ್. ಬೇರೆಯವರು ಕೇಳಿದ್ರೆ ತೆಗೀಬೇಡಿ, ಅದು ಮೋಸ ಆಗುತ್ತೆ." ಮೇಷ್ಟ್ರಿಗೆ ಒಳಗೊಳಗೇ ಹುರುಪು ಏರುತ್ತಿತ್ತು. ಇಷ್ಟು ವರ್ಷದಲ್ಲಿ ಇಷ್ಟು ಜನ ಅವರನ್ನು ಹುಡುಕಿಕೊಂಡು ಬಂದದ್ದೇ ಇಲ್ಲ. ಒಬ್ಬರು ಬಿಸ್ಕತ್ತು ಕೊಟ್ಟಿದ್ದರು, ಇನ್ನೊಬ್ಬರು ಕಿಟಕಿ ಪಕ್ಕದ ಕುರ್ಚಿಯನ್ನೇ ಬಿಟ್ಟುಕೊಟ್ಟಿದ್ದರು. ಹೇಗೂ ಚಕ್ರದಲ್ಲಿ ದೊಡ್ಡ ಮೇಡಂ ಹೆಸರಿದೆ. ಯಾರೂ ಇಲ್ಲದಿದ್ದರೂ ಅವರಿದ್ದಾರೆ. ತಾವೇ ಹೇಳಿ ಹಾಕಿಸಿದ ಹೆಸರು, ತಾವೇ ಹೋಗುತ್ತಾರೆ. ಮೇಷ್ಟ್ರಿಗೆ ಆಗಲೇ ಕೊಳದ ಕ್ಲೋರಿನ್ ವಾಸನೆ ಬರತೊಡಗಿತು.

ಕೊನೇ ಪೀರಿಯಡ್‌ಗೆ ಸ್ವಲ್ಪ ಮುಂಚೆ ದೊಡ್ಡ ಮೇಡಂ ಕರೆಸಿದರು. ಸಿಕ್ಕಿಬಿದ್ದೆ ಎಂದುಕೊಂಡೇ ಮೇಷ್ಟ್ರು ಒಳಗೆ ಹೋದರು.

"ಬಾಗ್ಲು ಹಾಕಿ" ಎಂದರು ದೊಡ್ಡ ಮೇಡಂ. ಮೇಜಿನ ಮೇಲಿನ ಗೋಳವನ್ನು ಬೆರಳಲ್ಲಿ ಸುಮ್ಮನೆ ತಿರುಗಿಸುತ್ತಿದ್ದರು. "ಮೇಷ್ಟ್ರೇ, ಆವೇಶದಲ್ಲಿ ನನ್ನ ಹೆಸರೂ ಹಾಕಿ ಅಂದ್ಬಿಟ್ಟೆ. ಶನಿವಾರ ನಮ್ಮ ತಂಗಿ ಮನೆ ಬದಲಾಯಿಸ್ತಿದ್ದಾಳೆ. ನಾನಿಲ್ದಿದ್ರೆ ಅವಳು ಬೀರೂನ ಬಾತ್‌ರೂಮಲ್ಲಿ ಇಡಿಸ್ತಾಳೆ. ನಂದೊಂದು... ತಿಳೀತಲ್ಲ? ಅಷ್ಟು ಜನ ಇದ್ದಾರೆ, ನಾನೊಬ್ಬಳು ಇಲ್ದಿದ್ರೆ ಯಾರಿಗೂ ಗೊತ್ತಾಗಲ್ಲ."

"ಮೇಡಂ, ಅದು..."

"ನಿಮ್ಮ ಮೇಲೆ ನಂಬಿಕೆ ಇದೆ."

ಹಾಲ್‌ನಲ್ಲಿ ಇಡೀ ಶಾಲೆ ನೆಲದ ಮೇಲೆ ಕೂತು "ಚಕ್ರ, ಚಕ್ರ" ಎಂದು ಕೂಗುತ್ತಿತ್ತು. ಮೊದಲ ಸಾಲಿನ ಕುರ್ಚಿಗಳಲ್ಲಿ ಶಿಕ್ಷಕರು. ಒಬ್ಬರ ಮುಖದಲ್ಲೂ ಚಿಂತೆಯ ಗೆರೆಯಿಲ್ಲ. ಎಲ್ಲರೂ ಪಕ್ಕದವರನ್ನು ಕನಿಕರದಿಂದ ನೋಡುತ್ತಿದ್ದರು. ಪ್ರೊಜೆಕ್ಟರ್ ಬಿಸಿಯಾಗುವಷ್ಟರಲ್ಲಿ ಮೇಷ್ಟ್ರು ಲ್ಯಾಪ್‌ಟಾಪ್ ನೋಡಿದರು. ಚಕ್ರವಿತ್ತು. ತೊಳೆದಿಟ್ಟ ತಟ್ಟೆಯ ಹಾಗೆ ಬಿಳಿಯಾಗಿ, ಖಾಲಿಯಾಗಿ ಇತ್ತು.

'ಗಣಿತ' ಎಂದು ಬರೆಯಲು ಕೈ ಹೋಯಿತು. ಗಣಿತದ ಮೇಡಂ ಕಣ್ಣರಳಿಸಿ ನಕ್ಕರು, ಆ ನಗುವಿನಲ್ಲಿ ಬೆಳಗಿನ ಚಹಾ ಲೋಟವೂ ಅಳಿಸಿಹೋದ ಇತಿಹಾಸವೂ ಇತ್ತು. ಪಿಟಿ? ಪಿಟಿ ಮೇಷ್ಟ್ರು ದೂರದಿಂದಲೇ ಗಾಳಿಯನ್ನು ಅಪ್ಪಿ ತೋರಿಸಿದರು. ದೊಡ್ಡ ಮೇಡಂ ಮೈಕಿನಲ್ಲಿ, "ಪಕ್ಷಪಾತ ಇಲ್ಲದ ಆಯ್ಕೆ ಅಂದ್ರೆ ಏನು ಅಂತ ಈಗ ನೋಡ್ತೀರಿ ಮಕ್ಕಳೇ" ಎನ್ನುತ್ತಿದ್ದರು. ತೆಗೆಯುತ್ತೇನೆಂದು ಶಾಲೆಯಲ್ಲಿ ಯಾರಿಗೂ ಮಾತು ಕೊಡದೆ ಉಳಿದಿದ್ದ ಹೆಸರು ಒಂದೇ ಇತ್ತು. ಮೇಷ್ಟ್ರು ಅದನ್ನು ಬರೆದರು.

ಗೋಡೆ ಬೆಳಗಿತು. ಹೋಳುಗಳಿಲ್ಲದ, ಗೆರೆಯೇ ಇಲ್ಲದ ದೊಡ್ಡ ಕೆಂಪು ಚಕ್ರ. ಅದರಲ್ಲಿ ಒಂದೇ ಪದ: ಇತಿಹಾಸ.

ಮೊದಲ ಸಾಲಿನ ಶಿಕ್ಷಕರು ಗೋಡೆ ನೋಡಿದರು. ಒಬ್ಬರನ್ನೊಬ್ಬರು ನೋಡಿಕೊಂಡರು, ಅರ್ಥವಾಯಿತು, ಎಲ್ಲರೂ ತಮ್ಮ ತಮ್ಮ ಚಪ್ಪಲಿಯನ್ನು ಪರೀಕ್ಷಿಸತೊಡಗಿದರು. ಯಾರು ಬಾಯಿಬಿಟ್ಟರೂ ಎಲ್ಲರ ಬಣ್ಣ ಬಯಲಾಗುತ್ತಿತ್ತು. ಮೊದಲು ಚೇತರಿಸಿಕೊಂಡವರು ದೊಡ್ಡ ಮೇಡಂ.

"ಮಕ್ಕಳೇ, ದೊಡ್ಡ ಮನಸ್ಸು ಅಂದ್ರೆ ಇದು. ಸಹೋದ್ಯೋಗಿಗಳಿಗೆ ತೊಂದರೆ ಆಗಬಾರದು ಅಂತ ಮೇಷ್ಟ್ರು ತಾವೊಬ್ಬರೇ ಮುಂದೆ ಬಂದಿದ್ದಾರೆ." ಶಿಕ್ಷಕರ ಚಪ್ಪಾಳೆಗೆ ಕಿಟಕಿಯ ಗಾಜು ನಡುಗಿತು. "ಆದರೂ ನಿಯಮ ನಿಯಮವೇ. ತಿರುಗಿಸಿ ಮೇಷ್ಟ್ರೇ."

ಮೇಷ್ಟ್ರು ತಿರುಗಿಸಿದರು. ಮಕ್ಕಳು ಉಸಿರು ಬಿಗಿಹಿಡಿದರು. ಹಿಂದಿನ ಬೆಂಚಿನವನು "ಇತಿಹಾಸ, ಇತಿಹಾಸ" ಎಂದು ಜಪಿಸಿದ. ಚಕ್ರ ನಿಧಾನಿಸಿತು, ತಡವರಿಸಿತು, ಕೂದಲೆಳೆಯಷ್ಟು ಜಾರಿತು. ಇತಿಹಾಸ. ಹಾಲ್ ಸಿಡಿದುಹೋಗುವಂಥ ಕೂಗು.

"ಈ ಚಕ್ರಾನ ಹೀಗೇ ಸೇವ್ ಮಾಡಿಡಿ" ಎಂದರು ದೊಡ್ಡ ಮೇಡಂ, ಇಳಿದು ಹೋಗುವಾಗ ಕಿವಿಯ ಬಳಿ. "ಮುಂದಿನ ಡ್ಯೂಟಿಗೂ ಬೇಕಾಗುತ್ತೆ."

ಖಾಲಿ ಹಾಲ್‌ನಲ್ಲಿ ಕೂತು ಮೇಷ್ಟ್ರು ಮನೆಗೆ ಫೋನ್ ಮಾಡಿದರು. ಮಗಳೇ ಎತ್ತಿಕೊಂಡಳು.

"ಶನಿವಾರ ನಂಗೆ ಬಸ್ ಡ್ಯೂಟಿ ಬಂತು ಕಣೆ."

"ಯಾರು ಹಾಕಿದ್ದು?"

"ಚಕ್ರ."

"ಎಷ್ಟು ಹೆಸರಿತ್ತು ಅದರಲ್ಲಿ?"

"ಒಂದು."

ಗೋಡೆಯ ಮೇಲೆ ಪರದೆ ಇನ್ನೂ ವಿನಯದಿಂದ ಕೇಳುತ್ತಿತ್ತು: ಈ ಹೆಸರನ್ನು ತೆಗೆಯಬೇಕೇ? ಮೇಷ್ಟ್ರು ಜೋರಾಗಿ 'ಹೌದು' ಒತ್ತಿದರು. ಚಕ್ರದಿಂದ ಹೆಸರು ಹೋಯಿತು. ಶನಿವಾರ ಎಲ್ಲಿತ್ತೋ ಅಲ್ಲೇ ಇತ್ತು.

"ಅಪ್ಪ, ನಿನಗೆ ಮತ್ತೆ ಮೊದಲಿಂದ ಕಲಿಸ್ಬೇಕು" ಎಂದಳು ಮಗಳು ಕೊನೆಗೆ.

"ಕಲಿಸು ಟೀಚರಮ್ಮ. ಫೀಸೆಷ್ಟು?"

"ಹಳೇದು ಕೊಡು ಮೊದ್ಲು."