ಗುಡುಗುವ ಕಾರಿಗೆ ದಾಸವಾಳದ ಸೀಟು

ಮದುವೆಯಾದ ಗಂಡಸು ಹೆಂಡತಿಯಿಂದ ಏನನ್ನಾದರೂ ಮುಚ್ಚಿಡಬಹುದು, ಕಾರನ್ನು ಮುಚ್ಚಿಡಲಾರ. ಅದರಲ್ಲೂ ಕೀಲಿ ತಿರುಗಿಸಿದರೆ ಕೊಲ್ಲಿ ನಾಡಿನ ನಮ್ಮ ಅವಾಲಿ ಊರಿನ ಅರ್ಧಕ್ಕೆ ಕೇಳುವಂತೆ ಗುಡುಗುವ ಕಾರನ್ನು! ನನ್ನದು ಎಪ್ಪತ್ತರ ದಶಕದ ಅಮೆರಿಕನ್ ಮಸಲ್ ಕಾರು. ಎರಡೇ ಬಾಗಿಲು, ಎಂಟು ಸಿಲಿಂಡರು. ಹಿಂದಕ್ಕೆ ಅಗಲದ ಟಯರು ಹಾಕಿಸಿ, ಹೊಸ ಸೈಲೆನ್ಸರ್ ಕೂರಿಸಿದ್ದೇನೆ. (ಅದಕ್ಕೆ ಆ ಹೆಸರಿಟ್ಟವನಿಗೆ ಕಿವಿ ಇರಲಿಲ್ಲವೇನೋ.)

ನನ್ನ ಧರ್ಮಪತ್ನಿ ಅಪೊಲಿನ್ ನರ್ಸು. ಅವಳ ತಕರಾರು ಒಂದೇ. ಮನೆಮುಂದಿನ ಏಕೈಕ ನೆರಳಿನ ಶೆಡ್ಡಿನಲ್ಲಿ ನನ್ನ ಕಾರು ಮಹಾರಾಜನಂತೆ ಮಲಗಿರುತ್ತದೆ, ಅವಳ ಪುಟ್ಟ ಕಾರು ಬಿಸಿಲಿನಲ್ಲಿ ಬೇಯುತ್ತದೆ.

“ಡ್ಯೂಟಿಗೆ ಹೊರಡ್ಲಿಕ್ಕೆ ಸ್ಟೇರಿಂಗ್ ಮುಟ್ಟಿದ್ರೆ ಕೈ ಸುಡ್ತದೆ. ನಿಮ್ಮದು ವಾರಕ್ಕೊಮ್ಮೆ ಬೊಬ್ಬೆ ಹಾಕ್ಲಿಕ್ಕೆ ಮಾತ್ರ. ಮಾರಿ ಅದನ್ನು!”

“ಮಾರುವಾ ಮಾರಾಯ್ತಿ. ಒಳ್ಳೆ ಗಿರಾಕಿ ಸಿಗ್ಬೇಕಲ್ಲ?”

“ಸಿಕ್ಕಿ ಆಯ್ತು. ಜಾಹೀರಾತು ನಾನೇ ಹಾಕಿದ್ದು. ಶುಕ್ರವಾರ ಬರ್ತಾರೆ.”

ಆ ಕಾರೆಂದರೆ ನನಗೆ ಪ್ರಾಣ. ಅದನ್ನು ಬಿಡುವ ಮನಸ್ಸಿಲ್ಲ, ಹೆಂಡತಿಗೆ ಎದುರಾಡುವ ಧೈರ್ಯವಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಗ ನೆನಪಾಯಿತು, ಸೀಟಿನ ಕವರು!

ಹಿಂದೊಮ್ಮೆ ಅಪೊಲಿನ್ ಆ ಕಾರಿನ ಸೀಟುಗಳಿಗೆ ಕವರು ಹೊಲಿದಿದ್ದಳು. ದಪ್ಪ ಹತ್ತಿಬಟ್ಟೆ, ಮೈತುಂಬ ಕೆಂಪು ದಾಸವಾಳ, ಅಂಚಿಗೆ ನೆರಿಗೆ, ಬೆನ್ನಿಗೆ ನೀರಿನ ಬಾಟಲಿಗೊಂದು, ಚಕ್ಕುಲಿ ಡಬ್ಬಿಗೊಂದು ಕಿಸೆ. ಹಳೆ ಕಾರುಗಳ ಗೆಳೆಯರೆದುರು ಮಾನ ಹೋದೀತೆಂದು ‘ಒಗೆಯಲು ತೆಗೆದಿದ್ದೇನೆ’ ಎಂದು ನಾನದನ್ನು ಸ್ಟೋರ್ ರೂಮಿಗೆ ಸೇರಿಸಿದ್ದೆ. (ವರ್ಷಗಟ್ಟಲೆ ನಡೆದ ಒಗೆತ.) ಗಂಡೆದೆಯ ಯಾವ ಗಿರಾಕಿಯೂ ದಾಸವಾಳದ ಮೇಲೆ ಕೂರಲಾರ ಎಂದು ಲೆಕ್ಕ ಹಾಕಿ, ಶುಕ್ರವಾರ ಬೆಳಿಗ್ಗೆ ಕಾರಿಗೆ ತೊಡಿಸಿಬಿಟ್ಟೆ.

ಅಪೊಲಿನ್ ನೋಡಿದಳು. ಕಣ್ಣು ಒದ್ದೆಯಾಯಿತು. “ಕಡೆಗೂ ಹಾಕಿದ್ರಲ್ಲ!” ಎಂದು ಎರಡು ನೀರುದೋಸೆ ಹೆಚ್ಚಿಗೆ ಬಡಿಸಿದಳು. ತಲೆ ಎತ್ತದೆ ತಿಂದು ಮುಗಿಸಿದೆ.

ಬಂದವರು ರಾಜಧಾನಿ ಮನಾಮಾದ ವ್ಯಾಪಾರಿ ಅಬೂಬಕರ್, ಜೊತೆಗೆ ಹೆಂಡತಿ ಜಸೀಲಾ. ನಮ್ಮ ಮಂಗಳೂರು ಕಡೆಯವರೇ. ಎಂಜಿನ್ ಗುಡುಗಿದ್ದೇ ಅಬೂಬಕರ್ ಕಣ್ಣುಮುಚ್ಚಿ ನಿಂತರು. “ಸ್ಟ್ಯಾನಿಯವರೇ, ಎಂಥ ಸ್ವರ ಮಾರ್ರೆ! ನನಗಿದೇ ಬೇಕು.”

“ಸೀಟು ನೋಡಿ, ಸೀಟು!” ಎಂದು ಅಂಗಲಾಚಿದೆ.

“ಸೀಟಿಗೆಂತ? ಆ ಬಟ್ಟೆ ಕಿತ್ತು ಬಿಸಾಡಿದ್ರಾಯ್ತು.”

ಅಪೊಲಿನ್ ಮುಖ ಕೆಂಪಾಯಿತು. ಅವಳು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಲ್ಲಿ ಕೂತಿದ್ದ ಜಸೀಲಾ ಗುಡುಗಿದರು. “ಬಿಸಾಡುದಾ? ನಿಮ್ಮ ಕಾರಿನ ರೆಕ್ಸಿನಲ್ಲಿ ಕೂತು ನನ್ನ ಬೆನ್ನು ಬೆಂದು ಹೋಗಿದೆ! ಇದು ಯಾರು ಹೊಲಿದದ್ದು?”

“ನಾನೇ,” ಎಂದಳು ಅಪೊಲಿನ್.

“ನನ್ನ ಕಾರಿಗೂ ಬೇಕು, ನನ್ನ ತಂಗಿಯಂದಿರಿಗೂ ಬೇಕು. ಅವರಿಗೆ ತೋರಿಸ್ಲಿಕ್ಕೆ ಸ್ಯಾಂಪಲ್ ಉಂಟಾ?”

ಅಪೊಲಿನ್ ಕಾರನ್ನು ನೋಡಿದಳು, ನನ್ನನ್ನು ನೋಡಿದಳು. “ಇದೇ ಸ್ಯಾಂಪಲ್. ಈ ಕಾರು ಮಾರ್ಲಿಕ್ಕಿಲ್ಲ.”

ಅಬೂಬಕರರ ಮುಖ ಬಾಡಿತು, ನನ್ನದು ಅರಳಿತು. ಅರಳಿದ್ದು ಸಂಜೆಯವರೆಗೆ ಮಾತ್ರ. ಸಂಜೆ ಕೀಲಿ ಅವಳ ಗೊಂಚಲಿಗೆ ಸೇರಿತು. ಈಗ ಅವಳು ಕವರನ್ನು ನಾಲ್ಕು ಜನ ನೋಡಲೆಂದು ಗುಡುಗುತ್ತಾ ಡ್ಯೂಟಿಗೆ ಹೋಗುತ್ತಾಳೆ, ಬಂದು ಅದನ್ನು ಶೆಡ್ಡಿನಲ್ಲೇ ನಿಲ್ಲಿಸುತ್ತಾಳೆ (“ಹೂವಿನ ಬಣ್ಣ ಹೋಗ್ತದೆ”). ಅವಳ ಪುಟ್ಟ ಕಾರು ನನ್ನ ಪಾಲಿಗೆ ಬಂದಿದೆ. ಕೈ ಸುಟ್ಟುಕೊಳ್ಳುವ ಸರದಿ ನನ್ನದು. ಆದರೂ ಸುಳ್ಳೇಕೆ, ಮನೆಯೊಳಗೆ ಕೂತು ಕಿಟಕಿಯಿಂದ ಆ ಸದ್ದು ಕೇಳುವಾಗ ಸಂತೋಷವೇ ಆಗುತ್ತದೆ.

ಕಳೆದ ಶುಕ್ರವಾರ ಅಪೊಲಿನ್ ಜೊತೆ ಹಳೆ ಕಾರುಗಳ ಕೂಟಕ್ಕೆ ಅದನ್ನು ಓಡಿಸುವ ಭಾಗ್ಯ ಸಿಕ್ಕಿತು. ಬಾನೆಟ್ ಎತ್ತಿ ಎದೆಯುಬ್ಬಿಸಿ ನಿಂತೆ. ಒಂದು ನೊಣವೂ ಹತ್ತಿರ ಸುಳಿಯಲಿಲ್ಲ. ಹೆಂಗಸರ ಸಾಲು ಹಿಂದಿನ ಸೀಟಿಗೆ. ಅವರಲ್ಲೊಬ್ಬರು, ಮುಹ್ಸಿನಾ ಎಂಬವರು, ನನ್ನತ್ತ ಬೆರಳು ತೋರಿ ಅವಳನ್ನು ಕೇಳಿದರು.

“ಡ್ರೈವರ್ ಬೇರೆ ಇಟ್ಟಿದ್ದೀರಾ?”

“ಹೌದು,” ಎಂದಳು ಅಪೊಲಿನ್. “ಬ್ರೇಕ್ ಹಾಕುವಾಗ ಸ್ವಲ್ಪ ಕುಲುಕಿಸ್ತಾರೆ. ಆದ್ರೆ ಜನ ಪಾಪದವರು, ಊಟ ನಮ್ಮಲ್ಲೇ.”